ಮ್ಯಾಂಟಲ್‌ನ ಎಳೆ ನೋಡಲು ಯಾವ ಅಲೆ? ಎಸ್‌ಕೆಎಸ್, ಲೋಕಲ್ ಎಸ್, ಪಿಎನ್, ಮೇಲ್ಮೈ ಅಲೆಗಳಲ್ಲಿ ಒಂದನ್ನು ಆರಿಸುವ ಬಗೆ

ಕಳೆದ ಮೇ ಕೊನೆಯಲ್ಲಿ ಅಕ್ಕನ ಮಗಳು ಸುರತ್ಕಲ್‌ನ ನಮ್ಮ ಮನೆಗೆ ಬಂದಿದ್ದಳು. ಭೂವಿಜ್ಞಾನದಲ್ಲಿ ಎಂ.ಎಸ್ಸಿ., ಕೊನೆಯ ವರ್ಷ. ಪ್ರಾಜೆಕ್ಟ್ ವಿಷಯ ಸಿಕ್ಕಿತ್ತು: ಅಂಡಮಾನ್ ಕೆಳಗಿನ ಮ್ಯಾಂಟಲ್‌ನ ಅನೈಸೊಟ್ರಪಿ. ಮ್ಯಾಂಟಲ್ ಅಂದರೆ ಭೂಕವಚದ ಕೆಳಗಿನ ದಪ್ಪ ಕಲ್ಲಿನ ಪದರ. ಅಲ್ಲಿ ಭೂಕಂಪದ ಅಲೆಯ ವೇಗ ದಿಕ್ಕಿಗೆ ತಕ್ಕಂತೆ ಬದಲಾಗುವುದೇ ಅನೈಸೊಟ್ರಪಿ. "ಮಾವ, ಯಾವ ಅಲೆ ಹಿಡಿದು ಮಾಡುದು ಅಂತ ನೀನೇ ಆರಿಸು ಅಂದಿದ್ದಾರೆ. ನೋಡಿದ್ರೆ ಐದು ಬಗೆ ಉಂಟು. ಯಾವುದು ಸುಲಭ?" ಎಂದಳು.

ಸುಲಭದ್ದು ಎಸ್‌ಕೆಎಸ್. ಆದರೆ ಸುಲಭ ಅಂತ ಅದನ್ನು ಹಿಡಿದವರೇ ಜಾಸ್ತಿ ಎಡವಿದ್ದು. ನಾನೂ ಅವರಲ್ಲೊಬ್ಬ. ಕೆಲವು ವರ್ಷ ಇದೇ ಕೆಲಸ ಮಾಡಿದವನಾದ್ದರಿಂದ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪ್ರಾಜೆಕ್ಟ್‌ಗೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ನನ್ನ ಮೇಜಿನ ಮೇಲಿದ್ದ ಕ್ಯಾಲ್ಸೈಟ್ ಹರಳನ್ನು ಅವಳ ಕೈಗೆ ಕೊಟ್ಟೆ. ಅದನ್ನು ಪೇಪರ್ ಮೇಲೆ ಇಟ್ಟರೆ ಕೆಳಗಿನ ಒಂದೊಂದು ಅಕ್ಷರವೂ ಎರಡೆರಡಾಗಿ ಕಾಣುತ್ತದೆ. ಹರಳನ್ನು ನಿಧಾನ ತಿರುಗಿಸಿದರೆ ಒಂದು ಅಕ್ಷರ ನಿಂತಲ್ಲೇ ನಿಲ್ಲುತ್ತದೆ, ಇನ್ನೊಂದು ಅದರ ಸುತ್ತ ಸುತ್ತುತ್ತದೆ. ಲ್ಯಾಬ್‌ನಲ್ಲಿ ಇದನ್ನು ನೋಡದ ಭೂವಿಜ್ಞಾನದ ವಿದ್ಯಾರ್ಥಿ ಇಲ್ಲ. ಬೆಳಕಿನ ಬದಲು ಭೂಕಂಪದ ಎಸ್ ಅಲೆ (ತಾನು ಹೋಗುವ ದಿಕ್ಕಿಗೆ ಅಡ್ಡಲಾಗಿ ಅಲುಗಿಸುವ ಅಲೆ), ಕ್ಯಾಲ್ಸೈಟ್ ಬದಲು ಆಲಿವಿನ್ ಎಂಬ ಖನಿಜ ಅಂದುಕೊಂಡರೆ ನಮ್ಮ ವಿಷಯ ಅಷ್ಟೇ. ಮೇಲಿನ ಮ್ಯಾಂಟಲ್‌ನಲ್ಲಿ ಆಲಿವಿನ್ನೇ ಜಾಸ್ತಿ. ಮ್ಯಾಂಟಲ್ ಹರಿಯುವಾಗ ಅದರ ಹರಳುಗಳು ಬಾಚಿದ ಕೂದಲಿನ ಹಾಗೆ ಒಂದೇ ಕಡೆ ತಿರುಗಿಕೊಳ್ಳುತ್ತವೆ. ಹರಳಿನ 'ಎ' ಅಕ್ಷದಲ್ಲಿ ವೇಗ ಹೆಚ್ಚು, ಮತ್ತು ಆ ಅಕ್ಷ ಸಾಮಾನ್ಯವಾಗಿ ಹರಿವಿನ ದಿಕ್ಕಿಗೇ ತಿರುಗುತ್ತದೆ. ಅಲ್ಲಿಗೆ ಬಂದ ಎಸ್ ಅಲೆ ಎರಡಾಗಿ ಸೀಳುತ್ತದೆ. ಒಂದು ಮುಂದೆ ಹೋಗುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ.

ಅಳೆಯುವುದು ಎರಡನ್ನೇ: ಬೇಗ ಬಂದ ಅಲೆ ಯಾವ ದಿಕ್ಕಿನಲ್ಲಿ ಅಲುಗಿತು, ಎರಡನೆಯದು ಎಷ್ಟು ತಡವಾಯಿತು. ಮೊದಲನೆಯದು ಫಾಸ್ಟ್ ದಿಕ್ಕು, ಎರಡನೆಯದು ವಿಳಂಬ. ಒಂದು ಲೆಕ್ಕ ನೆನಪಿಟ್ಟುಕೊಂಡರೆ ಸಾಕು. ಎಸ್ ಅಲೆಯ ವೇಗ ಸೆಕೆಂಡಿಗೆ 4.5 ಕಿ.ಮೀ. ಅಂತಿಟ್ಟುಕೊಳ್ಳಿ. 100 ಕಿ.ಮೀ. ದಾಟಲು 22 ಸೆಕೆಂಡ್ ಬೇಕು. ಅಷ್ಟೂ ದಪ್ಪದಲ್ಲಿ ಶೇ. 4ರಷ್ಟು ಅನೈಸೊಟ್ರಪಿ ಇದ್ದರೆ ವಿಳಂಬ ಹತ್ತಿರ ಹತ್ತಿರ 0.9 ಸೆಕೆಂಡ್. ಖಂಡಗಳ ಮೇಲೆ ಎಸ್‌ಕೆಎಸ್‌ನಲ್ಲಿ ಸಾಮಾನ್ಯವಾಗಿ ಸಿಗುವುದೂ 1 ಸೆಕೆಂಡ್ ಆಸುಪಾಸಿನದ್ದೇ.

ಎಸ್‌ಕೆಎಸ್

ಈ ಅಲೆ ಭೂಕಂಪದ ಜಾಗದಿಂದ ಎಸ್ ಆಗಿ ಕೆಳಗಿಳಿಯುತ್ತದೆ. ಭೂಮಿಯ ನಡುವಿನ ಕೋರ್‌ನ ಹೊರಭಾಗ ದ್ರವ, ಅಲ್ಲಿ ಎಸ್ ನಡೆಯುವುದಿಲ್ಲ. ಹಾಗಾಗಿ ಪಿ ಅಲೆಯಾಗಿ (ಹೋಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಅಲುಗಿಸುವುದು) ದಾಟಿ, ಈ ಕಡೆ ಮತ್ತೆ ಎಸ್ ಆಗಿ ಮೇಲೆ ಬರುತ್ತದೆ. ನಡುವಿನ 'ಕೆ' ಜರ್ಮನ್‌ನ 'ಕೆರ್ನ್' (ಕೋರ್) ಎಂಬ ಪದದ್ದು. ಇದರಲ್ಲಿ ದೊಡ್ಡ ಲಾಭ ಒಂದುಂಟು. ಪಿ ಇಂದ ಎಸ್ ಆಗುವಾಗ ಅಲೆಯ ಅಲುಗಾಟ ರೇಡಿಯಲ್ ದಿಕ್ಕಿಗೆ, ಅಂದರೆ ಭೂಕಂಪದಿಂದ ಅಲೆ ಅಳೆಯುವ ಸ್ಟೇಷನ್‌ಗೆ ಎಳೆದ ಗೆರೆಯ ದಿಕ್ಕಿಗೆ, ಬಂದು ನಿಲ್ಲುತ್ತದೆ. ಭೂಕಂಪದ ಕಡೆಯ ಮ್ಯಾಂಟಲ್‌ನಲ್ಲಿ ಏನೇ ಆಗಿದ್ದರೂ ಅದೆಲ್ಲ ಕೋರ್‌ನಲ್ಲಿ ತೊಳೆದುಹೋಗುತ್ತದೆ. ಉಳಿಯುವುದು ನಮ್ಮ ಸ್ಟೇಷನ್ ಕೆಳಗಿನ ಕಥೆ ಮಾತ್ರ. ಒಂದೇ ಸ್ಟೇಷನ್ ಇದ್ದರೂ ಕೆಲಸ ನಡೆಯುತ್ತದೆ. ವಿದ್ಯಾರ್ಥಿಗಳು ಇದಕ್ಕೇ ಮುಗಿಬೀಳುವುದು ಅದಕ್ಕೆ.

ಪರದೆಯ ಮೇಲೆ ಹೀಗೆ ಕಾಣುತ್ತದೆ. ಎರಡು ಅಡ್ಡ ಕಾಂಪೊನೆಂಟ್‌ಗಳನ್ನು ರೇಡಿಯಲ್ ಮತ್ತು ಅದಕ್ಕೆ ಲಂಬವಾದ ಟ್ರಾನ್ಸ್‌ವರ್ಸ್‌ಗೆ ತಿರುಗಿಸಿ. ಅನೈಸೊಟ್ರಪಿ ಇಲ್ಲದಿದ್ದರೆ ರೇಡಿಯಲ್ ಮೇಲೆ ಚಂದದ ಒಂದು ಗುಡ್ಡ, ಟ್ರಾನ್ಸ್‌ವರ್ಸ್ ಮೇಲೆ ಬರೀ ಗದ್ದಲ. ಇದ್ದರೆ ಟ್ರಾನ್ಸ್‌ವರ್ಸ್ ಮೇಲೂ ಒಂದು ಸಣ್ಣ ಆಕಾರ ಏಳುತ್ತದೆ. ಅದು ಗುಡ್ಡದ ನಕಲಲ್ಲ, ಗುಡ್ಡದ ಇಳಿಜಾರಿನ ನಕಲು. ಗುಡ್ಡ ಏರುವಾಗ ಒಂದು ಕಡೆ ಉಬ್ಬುತ್ತದೆ, ನೆತ್ತಿಯಲ್ಲಿ ಸೊನ್ನೆ, ಇಳಿಯುವಾಗ ಇನ್ನೊಂದು ಕಡೆ ಉಬ್ಬುತ್ತದೆ. ಇದು ಕಂಡರೆ ಕೆಲಸ ಶುರು ಮಾಡಬಹುದು. ಟ್ರಾನ್ಸ್‌ವರ್ಸ್ ಮೇಲೆ ಬೇರೆ ಏನೋ ಆಕಾರ ಕಂಡರೆ ಆ ಭೂಕಂಪವನ್ನು ಬಿಟ್ಟುಬಿಡಿ, ಸುಮ್ನೆ ಹೆಣಗಬೇಡಿ. ಎರಡನ್ನೂ ಒಂದರ ಮೇಲೊಂದು ಹಾಕಿ ನೆಲದ ಅಲುಗಾಟ ಬಿಡಿಸಿದರೆ ಮೊಟ್ಟೆಯಾಕಾರ ಬರುತ್ತದೆ. ಸರಿಯಾದ ದಿಕ್ಕು, ಸರಿಯಾದ ವಿಳಂಬ ಹಾಕಿ ತಿದ್ದಿದ ಮೇಲೆ ಮೊಟ್ಟೆ ಒಂದು ಗೆರೆಯಾಗುತ್ತದೆ. ಆ ಕ್ಷಣ ಖುಷಿಯಾಗುತ್ತದೆ, ಮೊದಲ ಸಲವಂತೂ ಊಟ ತಿಂಡಿ ಮರೆಯುತ್ತದೆ.

ಲೆಕ್ಕ ಹಾಕಲು ಮುಖ್ಯವಾಗಿ ಎರಡು ದಾರಿ. ಟ್ರಾನ್ಸ್‌ವರ್ಸ್ ಮೇಲಿನ ಶಕ್ತಿ ಕನಿಷ್ಠವಾಗುವಂತೆ ಹುಡುಕುವುದು ಸಿಲ್ವರ್ ಮತ್ತು ಚಾನ್ 1991ರಲ್ಲಿ ವಿವರಿಸಿದ ದಾರಿ. ಎರಡು ಅಲೆಗಳ ಆಕಾರ ಒಂದಕ್ಕೊಂದು ಹೊಂದುವವರೆಗೆ ತಿರುಗಿಸಿ ನೋಡುವುದು ಇನ್ನೊಂದು. 2008ರಲ್ಲಿ ಬಂದ ಸ್ಪ್ಲಿಟ್‌ಲ್ಯಾಬ್ ಎರಡನ್ನೂ ಅಕ್ಕಪಕ್ಕ ತೋರಿಸುತ್ತದೆ. ಅದಕ್ಕೆ ಮ್ಯಾಟ್‌ಲ್ಯಾಬ್ ಬೇಕು. ಡೇಟಾ ಇಳಿಸಲು, ಶೋಧಿಸಲು ಪೈಥಾನ್‌ನ ಆಬ್ಸ್‌ಪೈ ಸಾಕು.

ಈಗ ಎಡವುವ ಜಾಗ. ಎಸ್‌ಕೆಎಸ್ ಹೆಚ್ಚುಕಡಿಮೆ ನೆಟ್ಟಗೆ ಮೇಲೆ ಬರುತ್ತದೆ. ಹಾಗಾಗಿ ಅಡ್ಡಕ್ಕೆ ಇದರ ನೋಟ ಚುರುಕು, ಆಳದಲ್ಲಿ ಕುರುಡು. 1.2 ಸೆಕೆಂಡ್ ವಿಳಂಬ ಬಂತು ಅನ್ನಿ. ಅದು 60 ಕಿ.ಮೀ. ಆಳದ್ದೋ, 200 ಕಿ.ಮೀ. ಆಳದ್ದೋ, ಈ ಅಲೆ ಹೇಳುವುದಿಲ್ಲ. ನಮ್ಮ ಕರಾವಳಿಯಲ್ಲೇ ಸ್ಟೇಷನ್ ಇಟ್ಟರೂ ಇದೇ ಗೋಳು. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ನೋಡಿದ್ದೀರಲ್ವಾ? ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಎಂಟೂವರೆ ಒಂಬತ್ತು ಕೋಟಿ ವರ್ಷ ಹಿಂದಿನ ಲಾವಾ ಅದು. ಆಗ ಎಳೆದಾಟದಲ್ಲಿ ತಿರುಗಿದ ಹರಳುಗಳು ತಣ್ಣಗಾದ ಮ್ಯಾಂಟಲ್‌ನಲ್ಲಿ ಹಾಗೇ ಹೆಪ್ಪುಗಟ್ಟಿ ಉಳಿದಿರಬಹುದು. ಅದರ ಕೆಳಗೆ ಇವತ್ತಿಗೂ ಭಾರತದ ಫಲಕ ಈಶಾನ್ಯಕ್ಕೆ ಸರಿಯುತ್ತಾ ಮೆತ್ತಗಿನ ಪದರವನ್ನು ಎಳೆಯುತ್ತಿದೆ. ಹಳೆಯ ಎಳೆ, ಇಂದಿನ ಹರಿವು, ಎಸ್‌ಕೆಎಸ್ ಎರಡನ್ನೂ ಕೂಡಿಸಿ ಒಂದೇ ಉತ್ತರ ಕೊಡುತ್ತದೆ. ಎರಡು ಪದರ ಇದೆಯೇ ಅಂತ ತಿಳಿಯಬೇಕಾದರೆ ಬೇರೆ ಬೇರೆ ದಿಕ್ಕಿನಿಂದ ಬಂದ ಅಲೆ ಬೇಕು. ಎರಡು ಪದರ ಇದ್ದರೆ ಸಿಗುವ ಅಳತೆ ಅಲೆ ಬರುವ ದಿಕ್ಕಿನ ಜೊತೆ 90 ಡಿಗ್ರಿಗೊಮ್ಮೆ ಮರುಕಳಿಸುವಂತೆ ಬದಲಾಗುತ್ತದೆ.

ದಿಕ್ಕು ನಮಗೆ ಎಷ್ಟು ಸಿಗುತ್ತವೆ? ಎಸ್‌ಕೆಎಸ್ ಚೆನ್ನಾಗಿ ಕಾಣುವುದು 85ರಿಂದ 140 ಡಿಗ್ರಿ ದೂರದ (ಭೂಮಿಯ ನಡುವಿನಿಂದ ಅಳೆದ ಕೋನ), 6ರ ಮೇಲಿನ ಮ್ಯಾಗ್ನಿಟ್ಯೂಡ್‌ನ ಭೂಕಂಪಗಳಲ್ಲಿ. ಹೈದರಾಬಾದ್‌ನಲ್ಲಿ ಜಿಯೋಸ್ಕೋಪ್ ಜಾಲದ ಎಚ್‌ವೈಬಿ ಸ್ಟೇಷನ್ ಇದೆ, ಡೇಟಾ ಯಾರು ಬೇಕಾದರೂ ಇಳಿಸಬಹುದು. ಅಲ್ಲಿಂದ ಟೋಂಗಾ ಸುಮಾರು 111 ಡಿಗ್ರಿ ದೂರ, ಅಲೆ ಬರುವುದು 105 ಡಿಗ್ರಿ ದಿಕ್ಕಿನಿಂದ (ಉತ್ತರದಿಂದ ಬಲಕ್ಕೆ ಎಣಿಸಿ). ಅಲ್ಯೂಷಿಯನ್ ದ್ವೀಪಗಳು ಸುಮಾರು 89 ಡಿಗ್ರಿ ದೂರ, ದಿಕ್ಕು 35. ಸೌತ್ ಸ್ಯಾಂಡ್‌ವಿಚ್ ದ್ವೀಪಗಳು ಸುಮಾರು 112 ಡಿಗ್ರಿ ದೂರ, ದಿಕ್ಕು 215. ಮಂಗಳೂರಿಗೂ ದಿಕ್ಕುಗಳು ಹೆಚ್ಚುಕಡಿಮೆ ಇವೇ. ನೋಡಿದಿರಾ? 35 ಮತ್ತು 215 ಒಂದೇ ಗೆರೆಯ ಎರಡು ತುದಿ. ಅಂದರೆ ಮೂರು ಕಡೆಯಿಂದ ಭೂಕಂಪ ಸಿಕ್ಕರೂ ಕೈಗೆ ಬರುವುದು ಎರಡೇ ದಿಕ್ಕು. ಜೊತೆಗೆ ಆ ಗೆರೆ ಫಲಕ ಸರಿಯುವ ಈಶಾನ್ಯ ದಿಕ್ಕಿಗೆ ತೀರಾ ಹತ್ತಿರ.

ಇದರಿಂದ ಏನು ತೊಂದರೆ? ಅಲೆ ಫಾಸ್ಟ್ ದಿಕ್ಕಿನಲ್ಲೇ ಅಥವಾ ಅದಕ್ಕೆ ಲಂಬವಾಗಿ ಅಲುಗುತ್ತಾ ಬಂದರೆ ಅದು ಸೀಳುವುದೇ ಇಲ್ಲ. ಮರದ ಎಳೆಯ ಗುಂಟ ಕತ್ತಿ ಹಾಕಿದ ಹಾಗೆ ಸಲೀಸಾಗಿ ಬಂದುಬಿಡುತ್ತದೆ. ಇದಕ್ಕೆ 'ನಲ್' ಅನ್ನುತ್ತಾರೆ. ನಲ್ ಬಂದರೆ ಅನೈಸೊಟ್ರಪಿ ಇಲ್ಲ ಅಂತ ಬರೆಯಬೇಡಿ. ಇದ್ದೂ ಕಾಣದಿರಬಹುದು. ಆದರೆ ಅದನ್ನು ಬಿಸಾಡಲೂ ಬೇಡಿ, ಪಟ್ಟಿಯಲ್ಲಿ ಇಡಿ. ಹೆಚ್ಚುಕಡಿಮೆ ನಲ್ ಆಗಿರುವ ಅಲೆಯಲ್ಲಿ ಮೇಲೆ ಹೇಳಿದ ಎರಡು ದಾರಿಗಳು ಎರಡು ಮಾತಾಡುತ್ತವೆ. ಆಕಾರ ಹೊಂದಿಸುವ ದಾರಿ ಅಲೆ ಬಂದ ದಿಕ್ಕಿನಿಂದ 45 ಡಿಗ್ರಿ ಆಚೆಯದ್ದನ್ನು ಫಾಸ್ಟ್ ಅನ್ನುತ್ತದೆ, ವಿಳಂಬ ಸೊನ್ನೆಯ ಹತ್ತಿರ. ಶಕ್ತಿ ಕಡಿಮೆ ಮಾಡುವ ದಾರಿಯಲ್ಲಿ ವಿಳಂಬ ಹುಡುಕಾಟದ ಕೊನೆಯ ಅಂಚಿಗೆ, 4 ಸೆಕೆಂಡಿನ ಕಡೆಗೆ ಓಡುತ್ತದೆ. ಎರಡೂ ಒಟ್ಟಿಗೆ ಕಂಡರೆ ಅದು ನಲ್ ಅಂತ ಗೊತ್ತಾಗಬೇಕು.

ಲೋಕಲ್ ಎಸ್

ಅಂಡಮಾನ್‌ನಂಥ ಜಾಗದಲ್ಲಿ ಒಂದು ಫಲಕ ಇನ್ನೊಂದರ ಕೆಳಗೆ ಇಳಿಯುತ್ತದೆ. ಎಸ್‌ಕೆಎಸ್ ಅಲ್ಲಿ ನಾಲ್ಕು ಮನೆಯ ಸುದ್ದಿ ಹೊತ್ತು ತರುತ್ತದೆ: ಇಳಿಯುವ ಫಲಕದ ಕೆಳಗಿನ ಮ್ಯಾಂಟಲ್, ಆ ಫಲಕ, ಅದರ ಮೇಲಿನ ಬೆಣೆಯಾಕಾರದ ಮ್ಯಾಂಟಲ್, ಕೊನೆಗೆ ಮೇಲಿನ ಫಲಕ. ಬೆಣೆಯೊಂದೇ ಬೇಕು ಅಂದರೆ ಇಳಿಯುವ ಫಲಕದೊಳಗೇ ಆಗುವ ಭೂಕಂಪಗಳ ಎಸ್ ಅಲೆ ತೆಗೆದುಕೊಳ್ಳಬೇಕು. ಅದು ಬೆಣೆ ಮತ್ತು ಮೇಲಿನ ಫಲಕವನ್ನು ಮಾತ್ರ ದಾಟಿ ಬರುತ್ತದೆ.

ಷರತ್ತು ಒಂದೇ, ಆದರೆ ಬಿಗಿ. ಅಲೆ ನೆಟ್ಟನೆಯ ಗೆರೆಯಿಂದ 35 ಡಿಗ್ರಿ ಒಳಗೆ ಬರಬೇಕು. ಅದಕ್ಕಿಂತ ಓರೆಯಾದರೆ ನೆಲಕ್ಕೆ ಬಡಿದು ಆಕಾರವೇ ಕೆಡುತ್ತದೆ. 100 ಕಿ.ಮೀ. ಆಳದ ಭೂಕಂಪವಾದರೆ ಸ್ಟೇಷನ್ ಅದರ ನೆತ್ತಿಯಿಂದ ಸುಮಾರು 70 ಕಿ.ಮೀ. ಒಳಗಿರಬೇಕು. ಈಗ ನಕ್ಷೆ ನೋಡಿ. ಪೋರ್ಟ್ ಬ್ಲೇರ್ ಇರುವುದು ಕಂದಕದ (ಫಲಕ ಇಳಿಯಲು ಶುರುವಾಗುವ ಸಮುದ್ರದ ಹಳ್ಳ) ಕಡೆಗೆ. ಅಲ್ಲಿ ಇಳಿಯುವ ಫಲಕ ಇನ್ನೂ ಆಳಕ್ಕೆ ಹೋಗಿಲ್ಲ, ಬೆಣೆ ತೆಳು. ದಪ್ಪ ಬೆಣೆ ಇರುವುದು ಪೂರ್ವಕ್ಕೆ, ಬ್ಯಾರನ್ ದ್ವೀಪದ ಜ್ವಾಲಾಮುಖಿಯ ಕಡೆ. ಅಲ್ಲಿ ಬಹುಪಾಲು ನೀರೇ. ಸ್ಟೇಷನ್ ಇಡಬೇಕಾದರೆ ಸಮುದ್ರದ ತಳಕ್ಕೆ ಉಪಕರಣ ಇಳಿಸಬೇಕು, ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಅದು ಆಗುವ ಮಾತಲ್ಲ ಮಾರಾಯ್ರೆ. ಪೋರ್ಟ್ ಬ್ಲೇರ್‌ನಲ್ಲಿ ಲೋಕಲ್ ಎಸ್ ಮಾಡಿದರೆ ಸಿಗುವುದು ಹೆಚ್ಚಾಗಿ ಭೂಕವಚದ ಬಿರುಕುಗಳ ಸುದ್ದಿ, 0.1ರಿಂದ 0.3 ಸೆಕೆಂಡ್ ವಿಳಂಬ. ಅದಕ್ಕೆ ಸೆಕೆಂಡಿಗೆ 20 ಸಲ ಬರೆದ ಡೇಟಾ ಸಾಲದು, 100 ಸಲದ್ದು ಬೇಕು.

ಇನ್ನೊಂದು ಎಚ್ಚರಿಕೆ. ಹರಿವು ಮತ್ತು ಫಾಸ್ಟ್ ದಿಕ್ಕು ಒಂದೇ ಅಂತ ಮೇಲೆ ಹೇಳಿದೆ. ಬೆಣೆಯಲ್ಲಿ ಆ ನಂಬಿಕೆ ಕೈಕೊಡಬಹುದು. ನೀರು ಸೇರಿದ, ಒತ್ತಡ (ಸ್ಟ್ರೆಸ್) ಜಾಸ್ತಿ ಇರುವ ಆಲಿವಿನ್‌ನಲ್ಲಿ ಫಾಸ್ಟ್ ದಿಕ್ಕು ಹರಿವಿಗೆ ಅಡ್ಡಲಾಗಿ ನಿಲ್ಲುತ್ತದೆ ಎಂದು 2001ರಲ್ಲಿ ಜಂಗ್ ಮತ್ತು ಕರಾಟೊ ಪ್ರಯೋಗ ಮಾಡಿ ತೋರಿಸಿದರು. ಇಳಿಯುವ ಫಲಕ ನೀರನ್ನು ಹೊತ್ತುಕೊಂಡೇ ಇಳಿಯುತ್ತದೆ. ಜಪಾನಿನಲ್ಲಿ ಕಂದಕದ ಹತ್ತಿರ ಫಾಸ್ಟ್ ದಿಕ್ಕು ಕಂದಕದ ಗುಂಟ ಇದ್ದು, ಹಿಂದಕ್ಕೆ ಹೋದ ಹಾಗೆ ಅಡ್ಡಕ್ಕೆ ತಿರುಗುವುದಕ್ಕೆ ಕೊಡುವ ವಿವರಣೆಗಳಲ್ಲಿ ಇದೂ ಒಂದು. ಅಂಡಮಾನ್‌ನಲ್ಲಿ ಇಳಿತವೇ ಓರೆ. ಬಾಣದ ಗುರುತು ಬರೆದು 'ಮ್ಯಾಂಟಲ್ ಹೀಗೆ ಹರಿಯುತ್ತಿದೆ' ಅನ್ನುವ ಮೊದಲು ಎರಡು ಸಲ ಯೋಚಿಸಿ.

ಪಿಎನ್

ಭೂಕವಚ ಮುಗಿದು ಮ್ಯಾಂಟಲ್ ಶುರುವಾಗುವ ಮೋಹೊ ಗೆರೆಯ ಕೆಳಗೆ, ಸೆಕೆಂಡಿಗೆ 8 ಕಿ.ಮೀ. ಮೇಲ್ಪಟ್ಟ ವೇಗದಲ್ಲಿ ಅಡ್ಡಕ್ಕೆ ಓಡುವ ಅಲೆ. ಮ್ಯಾಂಟಲ್‌ನ ಅನೈಸೊಟ್ರಪಿ ಮೊದಲು ಬೆಳಕಿಗೆ ಬಂದದ್ದೇ ಇದರಿಂದ. ಪೆಸಿಫಿಕ್ ತಳದಲ್ಲಿ ವೇಗ ದಿಕ್ಕಿಗೆ ತಕ್ಕಂತೆ ಬದಲಾಗುವುದನ್ನು 1964ರಲ್ಲಿ ಹೆಸ್ ಎತ್ತಿ ತೋರಿಸಿದರು. ಇದಕ್ಕೆ ಅಲೆಯ ಆಕಾರ ಬೇಡ, ಬಂದ ಸಮಯ ಸಾಕು. ಆಳವೂ ಖಚಿತ, ಮೋಹೊ ಕೆಳಗಿನ ತೆಳು ಪದರ ಅಷ್ಟೇ. ಆದರೆ ಗಿರಣಿಗೆ ಅಕ್ಕಿ ಬೇಕಲ್ಲ, ಸಾವಿರಾರು ಸಮಯಗಳು, ಎಲ್ಲ ದಿಕ್ಕಿನಿಂದ ಒಂದರ ಮೇಲೊಂದು ಹಾಯ್ದ ಗೆರೆಗಳು ಬೇಕು. ಟಿಬೆಟ್‌ಗೆ, ಹಿಮಾಲಯಕ್ಕೆ ಚೆನ್ನ. ದ್ವೀಪಗಳ ಸಾಲಿನ ಮೇಲೆ ಕೂತು ಇದನ್ನು ಮಾಡುವುದು ಕಷ್ಟ.

ಮೇಲ್ಮೈ ಅಲೆ ಮತ್ತು ನಮ್ಮ ಜೂನ್ ತಿಂಗಳು

ಆಳ ಬೇಕು ಅಂದವರಿಗೆ ಮೇಲ್ಮೈ ಅಲೆ. ಇದರಲ್ಲಿ ಎರಡು ಬಗೆ: ನೆಲವನ್ನು ಮೇಲೆ ಕೆಳಗೆ ಉರುಳಿಸುವ ರ್‍ಯಾಲೀ, ಅಡ್ಡಕ್ಕೆ ಅಲುಗಿಸುವ ಲವ್. ರ್‍ಯಾಲೀ ಅಲೆ ಸುಮಾರು ತನ್ನ ಉದ್ದದ ಮೂರನೇ ಒಂದು ಪಾಲಿನಷ್ಟು ಆಳವನ್ನು ಚೆನ್ನಾಗಿ ನೋಡುತ್ತದೆ. 50 ಸೆಕೆಂಡಿನ ಅಲೆ ಸೆಕೆಂಡಿಗೆ 4 ಕಿ.ಮೀ. ಹೋದರೆ ಉದ್ದ 200 ಕಿ.ಮೀ., ನೋಟ 70 ಕಿ.ಮೀ. ಆಸುಪಾಸು. ಪೀರಿಯಡ್ (ಒಂದು ಅಲೆಗೆ ಹಿಡಿಯುವ ಸೆಕೆಂಡ್) ಹೆಚ್ಚಿಸುತ್ತಾ ಹೋದರೆ ಬಾವಿಗೆ ಕೊಡ ಇಳಿಸಿದ ಹಾಗೆ ಆಳ ಆಳಕ್ಕೆ ಹೋಗಬಹುದು. ಲವ್ ಅಲೆ ಮತ್ತು ರ್‍ಯಾಲೀ ಅಲೆ ಎರಡಕ್ಕೂ ಒಂದೇ ಸಾದಾ ಮಾದರಿ ಹೊಂದದಿದ್ದರೆ ಅದೂ ಅನೈಸೊಟ್ರಪಿಯೇ, ರೇಡಿಯಲ್ ಬಗೆಯದ್ದು, ಅಂದರೆ ನೆಟ್ಟಗೆ ಒಂದು ವೇಗ, ಅಡ್ಡಕ್ಕೆ ಇನ್ನೊಂದು. ಇಡೀ ಭೂಮಿಯ ಸರಾಸರಿ ಲೆಕ್ಕ ಕೊಡುವ 1981ರ ಪ್ರೆಮ್ ಮಾದರಿಯಲ್ಲಿ 220 ಕಿ.ಮೀ. ಆಳದವರೆಗೆ ಇದನ್ನು ಸೇರಿಸಿದ್ದಾರೆ. ಎಸ್‌ಕೆಎಸ್‌ಗೆ ಇದು ಕಾಣುವುದೇ ಇಲ್ಲ. ಕೊರತೆ ಏನೆಂದರೆ ಅಡ್ಡಕ್ಕೆ ನೋಟ ಮಬ್ಬು. ನೂರಾರು ಕಿ.ಮೀ.ಯನ್ನು ಒಟ್ಟಿಗೆ ಸರಾಸರಿ ಮಾಡಿ ಹೇಳುತ್ತದೆ. ಅಂಡಮಾನ್ ಪಟ್ಟಿಯೇ ಅದಕ್ಕಿಂತ ಕಿರಿದಾದೀತು.

ಇಲ್ಲಿ ನಮ್ಮ ಊರಿನ ವಿಷಯ ಒಂದು ಹೇಳಬೇಕು. ಜೂನ್ ಬಂತೆಂದರೆ ನಮ್ಮ ಮನೆಗೆ ರಾತ್ರಿಯಿಡೀ ಕಡಲಿನ ಸದ್ದು ಕೇಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಸೀಸ್ಮೋಮೀಟರ್ ಮಾತ್ರ ಓಡುತ್ತಲೇ ಇರುತ್ತದೆ, ಕಡಲಿನ ಹೊಡೆತವನ್ನೂ ಬರೆದುಕೊಳ್ಳುತ್ತದೆ. ತೆರೆ 12 ಸೆಕೆಂಡಿಗೊಮ್ಮೆ ಬರುತ್ತಿದ್ದರೆ ನೆಲ ಅತಿ ಜೋರಾಗಿ ನಡುಗುವುದು ಅದರ ಅರ್ಧಕ್ಕೆ, 6 ಸೆಕೆಂಡಿಗೊಮ್ಮೆ. ಎಸ್‌ಕೆಎಸ್ ಬರುವುದೂ ಅಲ್ಲೇ ಆಸುಪಾಸಿನ ಪೀರಿಯಡ್‌ನಲ್ಲಿ. ಹಾಗಾಗಿ ಕರಾವಳಿಯ ಸ್ಟೇಷನ್‌ನಲ್ಲಿ ಮಳೆಗಾಲದ ಎಸ್‌ಕೆಎಸ್ ಹುಡುಕುವುದೆಂದರೆ ರಥಬೀದಿಯ ತೇರಿನ ದಿನ ಫೋನಿನಲ್ಲಿ ಮಾತಾಡಿದ ಹಾಗೆ. ನವೆಂಬರ್‌ನಿಂದ ಏಪ್ರಿಲ್ ವರೆಗಿನದ್ದನ್ನು ಮೊದಲು ನೋಡಿ.

ತಮಾಷೆಯೆಂದರೆ ಅದೇ ಗದ್ದಲ ಇನ್ನೊಬ್ಬರಿಗೆ ಅನ್ನ. ಎರಡು ಸ್ಟೇಷನ್‌ಗಳ ಗದ್ದಲವನ್ನು ತಿಂಗಳುಗಟ್ಟಲೆ ತಾಳೆ ಹಾಕಿದರೆ ಅವುಗಳ ನಡುವೆ ಓಡುವ ಮೇಲ್ಮೈ ಅಲೆ ಹೊರಬರುತ್ತದೆ. ಭೂಕಂಪವೇ ಬೇಡ. 5ರಿಂದ 40 ಸೆಕೆಂಡಿನವರೆಗೆ, ಅಂದರೆ ಭೂಕವಚ ಮತ್ತು ಮ್ಯಾಂಟಲ್‌ನ ಮೇಲ್ತುದಿಗೆ ಇದು ಒಳ್ಳೆಯದು. ಆದರೆ ಮಳೆಗಾಲದ ಗದ್ದಲ ಹೆಚ್ಚಾಗಿ ಒಂದೇ ಕಡೆಯಿಂದ ಬರುತ್ತದೆ, ಅದು ಇಲ್ಲದ ಅನೈಸೊಟ್ರಪಿಯನ್ನು ಹುಟ್ಟಿಸೀತು. ಇಡೀ ವರ್ಷದ ಡೇಟಾ ಹಾಕಿ.

ರಿಸೀವರ್ ಫಂಕ್ಷನ್

ಪಿ ಅಲೆ ಪದರದ ಗಡಿಯಲ್ಲಿ ಎಸ್ ಆಗುವುದನ್ನು ಹಿಡಿಯುವ ದಾರಿ. ಯಾವ ಗಡಿ, ಎಷ್ಟು ಆಳ ಅಂತ ಹೇಳುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ದಿಕ್ಕಿನ ಜೊತೆ ಟ್ರಾನ್ಸ್‌ವರ್ಸ್ ಹೇಗೆ ಬದಲಾಗುತ್ತದೆ ಎಂದು ನೋಡಬೇಕು. 360 ಡಿಗ್ರಿಗೊಮ್ಮೆ ಮರುಕಳಿಸಿದರೆ ಗಡಿ ಓರೆ ಅಥವಾ ಅಕ್ಷ ಓರೆ, 180ಕ್ಕೊಮ್ಮೆಯಾದರೆ ಮಲಗಿದ ಅಕ್ಷದ ಅನೈಸೊಟ್ರಪಿ. ಇದಕ್ಕೆ 30ರಿಂದ 95 ಡಿಗ್ರಿ ದೂರದ ಭೂಕಂಪ ಸಾಕಾಗುವುದರಿಂದ ನಮಗೆ ದಿಕ್ಕುಗಳ ಬರ ಸ್ವಲ್ಪ ಕಡಿಮೆ. ಆದರೂ ಓರೆಯಾಗಿ ಇಳಿಯುವ ಫಲಕದ ಮೇಲೆ ಗಡಿಯ ಓರೆ, ಅನೈಸೊಟ್ರಪಿ ಎರಡನ್ನೂ ಬಿಡಿಸುವುದು ತಲೆನೋವು.

ಹಾಗಾದರೆ ಯಾವುದು?

ನಾಲ್ಕು ತಿಂಗಳು, ಒಂದೋ ಎರಡೋ ಸ್ಟೇಷನ್ ಇದ್ದರೆ ಎಸ್‌ಕೆಎಸ್ ಮಾಡಿ, ಆಳದ ಬಗ್ಗೆ ಬಾಯಿ ಬಿಡಬೇಡಿ. ಆರು ತಿಂಗಳಿದ್ದರೆ ಅದೇ ಸ್ಟೇಷನ್‌ಗೆ ರಿಸೀವರ್ ಫಂಕ್ಷನ್ ಸೇರಿಸಿ. ಭೂಕವಚದ ಪಾಲನ್ನು ಕಳೆದರೆ ಮ್ಯಾಂಟಲ್‌ನದ್ದು ಎಷ್ಟು ಅಂತ ಆಗ ಹೇಳಬಹುದು. ನನಗೆ ಇಷ್ಟವಾದ ಜೋಡಿ ಇದು. ಹತ್ತಾರು ಸ್ಟೇಷನ್‌ಗಳ ಜಾಲ, ಒಳ್ಳೆಯ ಕಂಪ್ಯೂಟರ್, ಪಿಎಚ್.ಡಿ.ಯಷ್ಟು ಕಾಲ ಇದ್ದರೆ ಮಾತ್ರ ಮೇಲ್ಮೈ ಅಲೆ. ಲೋಕಲ್ ಎಸ್ ಬೇಕು ಅನ್ನುವವರು ಮೊದಲು ಭೂಕಂಪಗಳ ಪಟ್ಟಿ ತೆಗೆದು 35 ಡಿಗ್ರಿಯ ಲೆಕ್ಕ ಹಾಕಿ. ಎಷ್ಟು ಉಳಿಯುತ್ತದೆ ನೋಡಿ, ಆಮೇಲೆ ಆಸೆಪಡಿ.

ಯಾವುದನ್ನೇ ಆರಿಸಿದರೂ ಸ್ಟೇಷನ್ ತೋರಿಸುವ ಉತ್ತರ ದಿಕ್ಕು ನಿಜವಾಗಿ ಉತ್ತರವೇ ಅಂತ ನೋಡಿಕೊಳ್ಳಿ. ಒಂದು ಸ್ಟೇಷನ್‌ನಲ್ಲಿ ನನಗೆ ಮೂರು ತಿಂಗಳು ಚಂದ ಚಂದದ ಫಲಿತಾಂಶ ಬಂದಿತ್ತು, ಫಾಸ್ಟ್ ದಿಕ್ಕು ಪಕ್ಕದ ಸ್ಟೇಷನ್‌ಗಳಿಗಿಂತ ಪೂರಾ ಬೇರೆ. ಹೊಸದೇನೋ ಸಿಕ್ಕಿತು ಅಂತ ಪೋಸ್ಟರ್ ಕೂಡ ಮಾಡಿದೆ. ಕೊನೆಗೆ ಪಿ ಅಲೆ ಯಾವ ಕಡೆಯಿಂದ ಬಂದಂತೆ ಕಾಣುತ್ತದೆ ಅಂತ ಪರೀಕ್ಷಿಸಿದರೆ ಪ್ರತಿ ಭೂಕಂಪದಲ್ಲೂ 20 ಡಿಗ್ರಿ ವ್ಯತ್ಯಾಸ. ಉಪಕರಣ ಇಡುವಾಗ ಗುಂಡಿಯ ಕಾಂಕ್ರೀಟಿನ ಕಬ್ಬಿಣದ ಸರಳುಗಳ ಪಕ್ಕದಲ್ಲೇ ದಿಕ್ಸೂಚಿ ಹಿಡಿದಿದ್ದರು. ಮುಳ್ಳು ಸರಳಿನ ಕಡೆ ವಾಲಿತ್ತು. ಆ ಪೋಸ್ಟರ್ ಈಗಲೂ ನಮ್ಮ ಅಟ್ಟದಲ್ಲಿದೆ. ಈ ಪರೀಕ್ಷೆಗೆ ಅರ್ಧ ದಿನ ಸಾಕು, ಮೊದಲ ವಾರವೇ ಮಾಡಿ.

ಅಕ್ಕನ ಮಗಳು ಎಸ್‌ಕೆಎಸ್ ಮತ್ತು ರಿಸೀವರ್ ಫಂಕ್ಷನ್ ಜೋಡಿಯನ್ನೇ ಆರಿಸಿದಳು. ಅಂಡಮಾನ್ ಡೇಟಾ ಕೈಗೆ ಬರುವವರೆಗೆ ಹೈದರಾಬಾದ್ ಸ್ಟೇಷನ್‌ನಲ್ಲಿ ಕೈ ಪಳಗಿಸಿಕೋ ಅಂದೆ. ಎರಡು ವಾರ ಬಿಟ್ಟು ರಾತ್ರಿ ಫೋನ್ ಬಂತು.

"ಮಾವ, ಸ್ಪ್ಲಿಟ್‌ಲ್ಯಾಬ್ ಹಾಳಾಗಿದೆ ಅನಿಸ್ತದೆ. ಒಂದರಲ್ಲಿ ಫಾಸ್ಟ್ ದಿಕ್ಕು 80, ವಿಳಂಬ ಇಲ್ಲವೇ ಇಲ್ಲ. ಇನ್ನೊಂದರಲ್ಲಿ 4 ಸೆಕೆಂಡ್ ತೋರಿಸ್ತಾ ಉಂಟು."

"ಭೂಕಂಪ ಎಲ್ಲಿಯದ್ದು?"

"ಅಲ್ಯೂಷಿಯನ್" ಎಂದಳು. ಒಂದು ಕ್ಷಣ ಮಾತಿಲ್ಲ. ಆಮೇಲೆ, "ಅಯ್ಯೋ" ಎಂದು ಫೋನ್ ಇಟ್ಟಳು.